ಹಿರಿಯರು ಬೀಳುವ ಮೊದಲೇ ಪತ್ತೆ ಹಚ್ಚುವುದು: ಮನೆಯಲ್ಲೇ ಮಾಡುವ ನಾಲ್ಕು ಪರೀಕ್ಷೆ, ಸರಿಯಾದ ಕ್ರಮದಲ್ಲಿ

"ಅಮ್ಮ 8 ಸೆಕೆಂಡಿಗೇ ಮುಗಿಸಿಬಿಟ್ಟರು. ಏನೂ ತೊಂದರೆ ಇಲ್ಲ ಅಲ್ವಾ?" ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಸಿ, ಸಕಲೇಶಪುರದಿಂದ ಒಬ್ಬರು ಫೋನ್ ಮಾಡಿ ಕೇಳಿದರು. ಎಲ್ಲಿ ಕೂರಿಸಿದ್ದಿರಿ ಅಂದೆ. ದಿವಾನದ ಮೇಲಂತೆ. ಏಳುವಾಗ ಮೊಮ್ಮಗ ಕೈ ಕೊಟ್ಟನಂತೆ. ದೂರ ಎಷ್ಟು ಅಂದರೆ, "ಹಜಾರದಿಂದ ದೇವರ ಮನೆ ಬಾಗಿಲವರೆಗೆ, ಅಂದಾಜು." ಆ 8 ಸೆಕೆಂಡಿನಿಂದ ಅಮ್ಮನ ಬಗ್ಗೆ ನನಗೆ ಏನೂ ತಿಳಿಯಲಿಲ್ಲ. ಮೊಮ್ಮಗ ಗಟ್ಟಿಮುಟ್ಟಾಗಿದ್ದಾನೆ ಅಂತ ಮಾತ್ರ ಗೊತ್ತಾಯಿತು.

ಹಾಸನ, ಚಿಕ್ಕಮಗಳೂರು ಕಡೆ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡಿಸುವ ನನಗೆ ಇಂಥ ಫೋನು ಆಗಾಗ ಬರುತ್ತದೆ. ಪರೀಕ್ಷೆಗಳು ಸುಲಭದವೇ. ಎಡವಟ್ಟಾಗುವುದು ಕ್ರಮದಲ್ಲಿ, ಕುರ್ಚಿಯಲ್ಲಿ, ಮತ್ತೆ ಪಕ್ಕದಲ್ಲಿ ನಿಂತವರ ಪ್ರೀತಿಯಲ್ಲಿ. ಹಾಗಾಗಿ ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಒಮ್ಮೆ ಪೂರ್ತಿ ಓದಿ, ಆಮೇಲೆ ಹಿರಿಯರನ್ನು ಕರೆಯಿರಿ.

ಇವತ್ತು ಮಾಡಲೇಬಾರದು ಅನ್ನುವ ಸಂದರ್ಭಗಳು

ಎದೆ ನೋವು, ಸುಮ್ನೆ ಕೂತಿದ್ದಾಗಲೂ ಏದುಸಿರು, ಜ್ವರ, ಬೆಳಗ್ಗೆಯಿಂದ ತಲೆ ಸುತ್ತು ಇದ್ದರೆ ಬೇಡ. ಇತ್ತೀಚೆಗೆ ಬಿದ್ದು ಎಲ್ಲೋ ನೋವು ಉಳಿದಿದ್ದರೆ ಬೇಡ. ಮೂಳೆ ಮುರಿದಿದ್ದರೆ, ಮಂಡಿಯದ್ದೋ ಸೊಂಟದ್ದೋ ಆಪರೇಷನ್ ಆಗಿದ್ದರೆ ಡಾಕ್ಟರು ಹೇಳುವವರೆಗೆ ಬೇಡ. ಯಾರಾದರೂ ಹಿಡಿದುಕೊಳ್ಳದೆ ನಿಲ್ಲಲೇ ಆಗದವರಿಗೆ ಈ ಪರೀಕ್ಷೆಗಳ ಅಗತ್ಯವೇ ಇಲ್ಲ. ಅವರು ಬೀಳುವ ಅಪಾಯದಲ್ಲಿದ್ದಾರೆ ಅನ್ನುವುದು ಆಗಲೇ ಗೊತ್ತಾಗಿದೆ. ನೇರವಾಗಿ ಡಾಕ್ಟರ ಹತ್ತಿರ ಹೋಗಿ.

ಹಂತ 1: ಜಾಗ ಮತ್ತು ಸಾಮಾನು

ಬೇಕಾಗಿರುವುದು ಇಷ್ಟೇ: ಗಟ್ಟಿ ಕುರ್ಚಿ, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್, ಸೀಮೆಸುಣ್ಣ, ತೋಳಿಗೆ ಕಟ್ಟುವ ಬಿಪಿ ಮೆಷಿನ್, ಒಂದು ನೋಟ್‌ಬುಕ್. ಜೊತೆಗೆ ಇಬ್ಬರು. ಒಬ್ಬರು ಗಡಿಯಾರ ನೋಡಬೇಕು, ಇನ್ನೊಬ್ಬರು ಹಿರಿಯರ ಪಕ್ಕ ನಿಲ್ಲಬೇಕು. ಎರಡೂ ಕೆಲಸ ಒಬ್ಬರೇ ಮಾಡಲು ಹೋಗಬೇಡಿ. ಫೋನಿನ ಮೇಲೆ ಕಣ್ಣಿದ್ದವರು ಬೀಳುವವರನ್ನು ಹಿಡಿಯುವುದಿಲ್ಲ.

ಕುರ್ಚಿಯ ಕೂರುವ ಜಾಗ ನೆಲದಿಂದ ಸುಮಾರು 43 ಸೆಂ.ಮೀ., ಅಂದರೆ 17 ಇಂಚು ಎತ್ತರ ಇರಬೇಕು. ಟೇಪಿನಲ್ಲೇ ಅಳೆಯಿರಿ. ಸೋಫಾ, ದಿವಾನ, ಮಂಚ ಬೇಡ, ಅವು ಮೆತ್ತಗೆ ಒಳಗೆ ಹೋಗುತ್ತವೆ. ಪ್ಲಾಸ್ಟಿಕ್ ಕುರ್ಚಿಯೂ ಬೇಡ. ನಯವಾದ ಕೆಂಪು ನೆಲದ ಮೇಲೆ ಅದು ಹಿಂದಕ್ಕೆ ಜಾರುತ್ತದೆ, ಕಾಲುಗಳು ಅಗಲ ಆಗುತ್ತವೆ. ಹಳೆಯ ಮರದ ಊಟದ ಕುರ್ಚಿ ಸಿಕ್ಕಿದರೆ ಅದೇ ಸರಿ. ಅದರ ಬೆನ್ನು ಗೋಡೆಗೆ ತಾಗುವ ಹಾಗೆ ಇಡಿ. ಮನೆಯ ಜಗಲಿ ಮೇಲೆ ಕೂರಿಸಿ ಮಾಡಿದವರೂ ಇದ್ದಾರೆ. ಒಂದು ಮನೆಯ ಜಗಲಿ ಎರಡಡಿ, ಇನ್ನೊಂದು ಮನೆಯದು ಒಂದೂವರೆ ಅಡಿ. ಲೆಕ್ಕ ಹೇಗೆ ಹೊಂದುತ್ತದೆ?

ಕುರ್ಚಿಯ ಮುಂದಿನಿಂದ 3 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆಯಿರಿ. ಟೇಪು ಇಲ್ಲವೇ? ಈಗಿನ ಮನೆಗಳ 2 ಅಡಿ ಟೈಲ್ಸ್ ಸಾಮಾನ್ಯವಾಗಿ 60 ಸೆಂ.ಮೀ. ಇರುತ್ತವೆ. ಐದು ಟೈಲ್ಸ್ ಎಣಿಸಿದರೆ 3 ಮೀಟರ್ ಆಯಿತು. ದಾರಿಯಲ್ಲಿ ಹೊಸ್ತಿಲು, ಗೋಣಿತಾಟು, ಕಾಲೊರಸು ಇರಬಾರದು. ನಾಯಿಯನ್ನು ಹೊರಗೆ ಕಟ್ಟಿ. ಇದು ತಮಾಷೆ ಅಲ್ಲ, ಮೂಡಿಗೆರೆಯ ಒಂದು ಮನೆಯಲ್ಲಿ ಅಜ್ಜಯ್ಯ ನಡೆಯಲು ಶುರು ಮಾಡಿದ್ದೇ ತಡ, ನಾಯಿ ಕಾಲಿಗೆ ಸುತ್ತಿಕೊಂಡಿತ್ತು.

ಬಟ್ಟೆ: ಪಂಚೆ ಎತ್ತಿ ಕಟ್ಟಲಿ, ಸೀರೆಯ ನೆರಿಗೆ ಹಿಮ್ಮಡಿಗಿಂತ ಮೇಲಿರಲಿ. ಚಪ್ಪಲಿ: ದಿನಾ ಮನೆಯೊಳಗೆ ಹೇಗೆ ಓಡಾಡುತ್ತಾರೋ ಹಾಗೆ. ಬರಿಗಾಲಲ್ಲಿ ಓಡಾಡುವವರಾದರೆ ಬರಿಗಾಲು. ಸವೆದ ಹವಾಯಿ ಚಪ್ಪಲಿ ಮಾತ್ರ ಬಿಚ್ಚಿಸಿ. ಸಾಕ್ಸ್ ಹಾಕಿ ನಯ ನೆಲದ ಮೇಲೆ ನಡೆಸಲೇಬೇಡಿ.

ಹೊತ್ತು: ತಿಂಡಿ, ಕಾಫಿ ಆಗಿ ಒಂದು ಗಂಟೆ ಕಳೆದ ಮೇಲೆ, ಬೆಳಗಿನ 10ರ ಆಸುಪಾಸು ಒಳ್ಳೆಯದು. ಬಾಡೂಟದ ಮಧ್ಯಾಹ್ನ ಬೇಡ. ತೋಟ ಸುತ್ತಿ ಬಂದ ಸಂಜೆಯೂ ಬೇಡ.

ಹಂತ 2: ಮೊದಲು ಮೂರು ಪ್ರಶ್ನೆ

ಸ್ಟಾಪ್‌ವಾಚ್ ಒತ್ತುವ ಮೊದಲು ಮಾತಾಡಿ. ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಿಂತಾಗ, ನಡೆಯುವಾಗ ಓಲಾಡಿದ ಹಾಗೆ ಆಗುತ್ತದಾ? ಬೀಳುತ್ತೇನೆ ಅನ್ನೋ ಭಯ ಇದೆಯಾ?

ಮೊದಲ ಪ್ರಶ್ನೆಗೆ ನಮ್ಮ ಹಿರಿಯರು ನಿಜ ಹೇಳುವುದಿಲ್ಲ. ಸುಳ್ಳೂ ಹೇಳುವುದಿಲ್ಲ. "ಬಿದ್ದಿಲ್ಲಪ್ಪಾ, ಸ್ವಲ್ಪ ಜಾರಿತು ಅಷ್ಟೇ" ಅನ್ನುತ್ತಾರೆ. ಅಂಗಳದಲ್ಲಿ ಕುಂಡೆ ಊರಿ ಕೂತದ್ದು ಅವರ ಲೆಕ್ಕದಲ್ಲಿ ಬಿದ್ದದ್ದಲ್ಲ. ಆದ್ದರಿಂದ ಕೇಳುವ ರೀತಿ ಬದಲಾಯಿಸಿ. "ಹೋದ ಯುಗಾದಿಯಿಂದ ಈಚೆಗೆ ಎಲ್ಲಾದರೂ ಜಾರಿದ್ರಾ? ಎಡವಿ ಗೋಡೆ ಹಿಡಿದುಕೊಂಡ್ರಾ? ಬಚ್ಚಲಲ್ಲಿ?" ಭಯದ ಪ್ರಶ್ನೆಯೂ ಹಾಗೆಯೇ. ಭಯ ಇದೆಯಾ ಅಂದರೆ ಇಲ್ಲ ಅಂತಾರೆ. ಮೊದಲು ದಿನಾ ತೋಟಕ್ಕೆ ಹೋಗುತ್ತಿದ್ದವರು ಈಗ ಯಾಕೆ ಹೋಗುತ್ತಿಲ್ಲ ಅಂತ ಕೇಳಿ, ಉತ್ತರ ಹೊರಬರುತ್ತದೆ.

ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಬರೆದುಕೊಳ್ಳಿ. ಮುಂದಿನ ಪರೀಕ್ಷೆಗಳಲ್ಲಿ ಸಂಖ್ಯೆ ಚೆನ್ನಾಗಿ ಬಂದರೂ ಈ "ಹೌದು" ಅಳಿಸಿಹೋಗುವುದಿಲ್ಲ.

ಹಂತ 3: ಮಲಗಿದಾಗ, ನಿಂತಾಗ ಬಿಪಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಾನು ಇದನ್ನೇ ಮೊದಲು ಮಾಡಿಸುತ್ತೇನೆ. ಎದ್ದು ನಿಂತ ಕೂಡಲೇ ಬಿಪಿ ಇಳಿಯುವವರಿಗೆ ನಡಿಗೆ ಪರೀಕ್ಷೆ ಮಾಡಿಸಿದರೆ, ಅಳೆಯಲು ಹೋಗಿ ನೀವೇ ಬೀಳಿಸಿದ ಹಾಗೆ.

ಮಂಚದ ಮೇಲೆ 5 ನಿಮಿಷ ಮಲಗಿಸಿ ಬಿಪಿ ನೋಡಿ. ಆಮೇಲೆ ಎದ್ದು ನಿಲ್ಲಲಿ. ನಿಂತು 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಲಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಕೆಳಗಿನದು 10 ಅಥವಾ ಜಾಸ್ತಿ ಇಳಿದರೆ, ಅಥವಾ ಸಂಖ್ಯೆ ಏನೇ ಇರಲಿ ಕಣ್ಣು ಕತ್ತಲೆ ಬಂದ ಹಾಗಾಯಿತು ಅಂದರೆ, ಅವತ್ತಿಗೆ ಅಲ್ಲೇ ನಿಲ್ಲಿಸಿ. ಆ ಮೂರು ಸಂಖ್ಯೆಗಳನ್ನು ಮತ್ತು ಅವರು ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳನ್ನು ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆ, ನೀರು ಹೋಗಿಸುವ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಇದಕ್ಕೆ ಕಾರಣ ಆಗಿರಬಹುದು. ನಿದ್ದೆ ಮಾತ್ರೆ ಬಿಪಿ ಇಳಿಸದಿದ್ದರೂ ಓಲಾಡಿಸುತ್ತದೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ತಪ್ಪು ಎಲ್ಲಾಗುತ್ತದೆ? ಕೂತಲ್ಲೇ ಒಮ್ಮೆ ನೋಡಿ "130 ಇದೆ, ಸರಿಯಾಗಿದೆ" ಅಂತ ಮುಗಿಸುವುದು. ನಿಂತಾಗ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಹಂತ 4: ಎದ್ದು, ನಡೆದು, ಬಂದು ಕೂರುವುದು

ಈ ಪರೀಕ್ಷೆಗೆ ಮಾತ್ರ ಕೈ ಇರುವ ಕುರ್ಚಿ ನಡೆಯುತ್ತದೆ, ಏಳುವಾಗ ಅದರ ಕೈ ಊರಿಕೊಳ್ಳಬಹುದು. ಕೋಲು ಹಿಡಿದೇ ನಡೆಯುವವರು ಕೋಲು ಹಿಡಿಯಲಿ. ಬೆನ್ನು ಕುರ್ಚಿಗೆ ತಾಗಿಸಿ ಕೂರಿಸಿ, ಹೀಗೆ ಹೇಳಿ: "ಅಜ್ಜಯ್ಯ, ನಾನು 'ಹೋಗಿ' ಅಂದಾಗ ಎದ್ದು, ಆ ಗೆರೆವರೆಗೆ ನಡೆದು, ತಿರುಗಿ ಬಂದು ಕೂತ್ಕೊಳ್ಳಿ. ದಿನಾ ನಡೆಯೋ ಹಾಗೇ. ಅವಸರ ಬೇಡ."

ಮೊದಲು ನೀವು ಮಾಡಿ ತೋರಿಸಿ. ಆಮೇಲೆ ಅವರು ಒಮ್ಮೆ ಅಭ್ಯಾಸಕ್ಕೆ ಮಾಡಲಿ. ಎರಡನೆಯದನ್ನು ಅಳೆಯಿರಿ. "ಹೋಗಿ" ಅಂದ ಕ್ಷಣಕ್ಕೆ ಗಡಿಯಾರ ಶುರು, ಎದ್ದು ನಿಂತ ಮೇಲಲ್ಲ. ಮತ್ತೆ ಕುರ್ಚಿಯಲ್ಲಿ ಕೂತಾಗ ನಿಲ್ಲಿಸಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಪಕ್ಕದಲ್ಲಿ ನಿಲ್ಲುವವರ ಕೆಲಸ ಕಷ್ಟದ್ದು. ಅರ್ಧ ಹೆಜ್ಜೆ ಹಿಂದೆ, ಸೋತ ಕಾಲಿನ ಕಡೆ ಇರಬೇಕು. ಕೈ ಸೊಂಟದ ಹತ್ತಿರ ಇರಬೇಕು, ಮುಟ್ಟಬಾರದು. ವಾಲಿದರೆ ಸೊಂಟ ಹಿಡಿಯಿರಿ, ರಟ್ಟೆ ಹಿಡಿದು ಎಳೆಯಬೇಡಿ, ಭುಜದ ಕೀಲು ತಪ್ಪುತ್ತದೆ. "ಬೇಗ ಬೇಗ, ಇನ್ನೊಂಚೂರು" ಅಂತ ಹುರಿದುಂಬಿಸುವವರನ್ನು ಅಡುಗೆ ಮನೆಗೆ ಕಳಿಸಿ. ಅವರ ಮಾತಿಗೆ ಹಿರಿಯರು ಓಡಲು ಹೋಗುತ್ತಾರೆ.

ಈಗ ಮುಖ್ಯ ವಿಷಯ. ಸೆಕೆಂಡಿಗಿಂತ ಕಾಲು ನೋಡುವುದು ಮುಖ್ಯ. ಇದನ್ನು ನಾನು ಕಲಿತದ್ದು ನನ್ನ ಅಜ್ಜಿಯಿಂದ. ಅವರಿಗೆ ನಾನೇ ಪರೀಕ್ಷೆ ಮಾಡಿದ್ದೆ. 11 ಸೆಕೆಂಡ್. ಖುಷಿಯಾಗಿ ಬರೆದಿಟ್ಟೆ. ಗೆರೆಯ ಹತ್ತಿರ ತಿರುಗುವಾಗ ಅವರ ಬೆರಳ ತುದಿ ಗೋಡೆ ಸವರಿದ್ದು ಕಣ್ಣಿಗೆ ಬಿದ್ದಿತ್ತು, ಆದರೆ ಗಮನ ಫೋನಿನ ಮೇಲಿತ್ತು. ಎರಡು ತಿಂಗಳಿಗೆ ಬಚ್ಚಲ ಬಾಗಿಲಲ್ಲಿ ತಿರುಗುವಾಗ ಬಿದ್ದರು, ಮಣಿಕಟ್ಟು ಮುರಿಯಿತು. ಅಲ್ಲಿ ಹಿಡಿಯಲು ಗೋಡೆ ಇರಲಿಲ್ಲ.

ಹಾಗಾಗಿ ಇವನ್ನು ನೋಡಿ, ಬರೆದುಕೊಳ್ಳಿ. ಏಳುವಾಗ ಒಂದೇ ಸಲಕ್ಕೆ ಎದ್ದರಾ, ಎರಡು ಸಲ ತೂಗಿ ಎದ್ದರಾ? ಪಾದ ಎತ್ತಿ ಇಡುತ್ತಾರಾ, ಎಳೆಯುತ್ತಾರಾ? ಕಣ್ಣು ಮುಚ್ಚಿ ಕೇಳಿದರೆ ಸರ್ ಸರ್ ಅನ್ನುವ ಶಬ್ದ ಬರುತ್ತದೆ. ಕೈ ಬೀಸುತ್ತಾರಾ, ಮೈಗೆ ಅಂಟಿಸಿಕೊಂಡಿರುತ್ತಾರಾ? ತಿರುಗುವಾಗ ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ತಲೆ ಮೈ ಎಲ್ಲಾ ಒಟ್ಟಿಗೆ ಕಂಬದ ಹಾಗೆ ತಿರುಗಿಸುತ್ತಾರಾ? ಗೋಡೆ, ಮೇಜು ಮುಟ್ಟುತ್ತಾರಾ? ಕೂರುವಾಗ ನಿಧಾನ ಕೂತರಾ, ಧೊಪ್ಪನೆ ಬಿದ್ದರಾ? 10 ಸೆಕೆಂಡಿನಲ್ಲಿ ಮುಗಿಸಿದವರಲ್ಲೂ ಇಂಥದ್ದು ಕಂಡರೆ ನಾನು ಅದನ್ನು ಸರಿ ಅನ್ನುವುದಿಲ್ಲ.

ಕೋಲಿನ ಬಗ್ಗೆ ಒಂದು ಮಾತು. ನೋವಿರುವ ಕಾಲಿನ ಎದುರು ಕೈಯಲ್ಲಿ ಕೋಲು ಇರಬೇಕು. ಬಲ ಮಂಡಿ ನೋವಾದರೆ ಎಡಗೈ. ಹೆಚ್ಚಿನವರು ಉಲ್ಟಾ ಹಿಡಿಯುತ್ತಾರೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ತೋಟದಿಂದ ಕಡಿದು ತಂದ ಬಿದಿರ ಕೋಲು ಸಾಮಾನ್ಯವಾಗಿ ಎದೆವರೆಗೆ ಇರುತ್ತದೆ, ಬುಡದಲ್ಲಿ ರಬ್ಬರೂ ಇರುವುದಿಲ್ಲ. ಕೆಂಪು ನೆಲಕ್ಕೆ ಅದು ಆಗುವುದಿಲ್ಲ.

ಹಂತ 5: ನಾಲ್ಕು ಬಗೆಯಲ್ಲಿ ನಿಲ್ಲುವುದು

ಎರಡು ನಿಮಿಷ ಕೂತು ಸುಧಾರಿಸಿಕೊಳ್ಳಲಿ. ಆಮೇಲೆ ಗೋಡೆಯ ಮೂಲೆಯಲ್ಲಿ ನಿಲ್ಲಿಸಿ, ಮುಂದೆ ಕುರ್ಚಿಯ ಬೆನ್ನು ಇರಲಿ. ವಾಲಿದರೆ ಮೂರು ಕಡೆಯೂ ಆಸರೆ. ಕಣ್ಣು ತೆರೆದಿರಬೇಕು, ಕೋಲು ಬೇಡ. ಪ್ರತಿ ಬಗೆಯಲ್ಲೂ 10 ಸೆಕೆಂಡ್.

ಒಂದು, ಎರಡು ಪಾದ ಪಕ್ಕಪಕ್ಕ ಜೋಡಿಸಿ. ಎರಡು, ಒಂದು ಪಾದ ಸ್ವಲ್ಪ ಮುಂದೆ, ಅದರ ಒಳಬದಿಯ ಮಧ್ಯ ಹಿಂದಿನ ಪಾದದ ಹೆಬ್ಬೆರಳಿಗೆ ತಾಗುವ ಹಾಗೆ. ಮೂರು, ಒಂದೇ ಗೆರೆಯಲ್ಲಿ, ಮುಂದಿನ ಪಾದದ ಹಿಮ್ಮಡಿ ಹಿಂದಿನ ಪಾದದ ಬೆರಳಿಗೆ ತಾಗಿಸಿ. ನಾಲ್ಕು, ಒಂಟಿ ಕಾಲು.

ಪಾದ ಜೋಡಿಸುವವರೆಗೆ ನೀವು ಕೈ ಹಿಡಿಯಬಹುದು. "ಬಿಡಲಾ?" ಅಂತ ಕೇಳಿ, ಅವರು ಹ್ಞೂಂ ಅಂದ ಮೇಲೆ ಬಿಟ್ಟು ಎಣಿಸಿ. ಕೈ ಅಗಲಿಸಿಕೊಳ್ಳಲಿ, ಮೈ ಆಡಿಸಲಿ, ತೊಂದರೆ ಇಲ್ಲ. ಪಾದ ಕದಲಿದರೆ, ಏನಾದರೂ ಹಿಡಿದರೆ ಅಲ್ಲಿಗೆ ಮುಗಿಯಿತು. ಒಂದರಲ್ಲಿ ಸೋತರೆ ಮುಂದಿನದಕ್ಕೆ ಹೋಗಬೇಡಿ. "ಇನ್ನೊಂದು ಸಲ ಮಾಡ್ತೀನಿ ಬಿಡೋ" ಅಂತ ಹಟ ಹಿಡಿಯುವ ಅಜ್ಜಂದಿರೇ ಬೀಳುವುದು ಜಾಸ್ತಿ, ಅಲ್ಲಿ ಗಟ್ಟಿಯಾಗಿರಿ.

ಮೂರನೆಯದರಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಅಪಾಯ ಇದೆ. ನಾಲ್ಕನೆಯದರಲ್ಲಿ ಸೋತರೆ ಎದೆಗುಂದಬೇಡಿ. ತುಂಬಾ ಜನಕ್ಕೆ ಆಗುವುದಿಲ್ಲ. ನಿಮಗೇ ಆಗುತ್ತದಾ ನೋಡಿ ಮೊದಲು.

ಹಂತ 6: 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ

ಇದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣ ಇದೆ. ಇದರಿಂದ ತೊಡೆ ಸೋಲುತ್ತದೆ. ಮೊದಲೇ ಮಾಡಿಸಿದರೆ ನಡಿಗೆಯೂ ಹಾಳು, ನಿಲ್ಲುವುದೂ ಹಾಳು.

ಕೈ ಇಲ್ಲದ ಕುರ್ಚಿ, ಬೆನ್ನು ಗೋಡೆಗೆ. ಹಿರಿಯರು ಕುರ್ಚಿಯ ಮಧ್ಯದಲ್ಲಿ ಕೂರಲಿ, ಪಾದ ನೆಲಕ್ಕೆ ಪೂರ್ತಿ ಊರಿರಲಿ. ಎರಡು ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟು, ಅಂಗೈ ಎದುರು ಭುಜ ಮುಟ್ಟಲಿ. "ಹೋಗಿ" ಅಂದಾಗ ಪೂರ್ತಿ ನೆಟ್ಟಗೆ ನಿಂತು, ಮತ್ತೆ ಕೂರಬೇಕು. 30 ಸೆಕೆಂಡ್. ನಿಂತಾಗ ಮಾತ್ರ ಒಂದು ಅಂತ ಎಣಿಸಿ. ಕೂತಾಗಲೂ ಎಣಿಸಿ 22 ಬಂತು ಅಂದವರಿದ್ದಾರೆ! ಕೊನೆಗೆ ಅರ್ಧಕ್ಕಿಂತ ಮೇಲೆ ಎದ್ದಿದ್ದರೆ ಅದನ್ನೂ ಸೇರಿಸಿ. ಏಳಲು ಕೈ ಊರಿದರೆ ಲೆಕ್ಕ ಸೊನ್ನೆ. ಇದು ಕಟುವಾಗಿ ಕೇಳಿಸುತ್ತದೆ, ಆದರೆ ನಿಯಮ ಅದೇ. ತೊಡೆಯ ಶಕ್ತಿ ಸಾಲದು ಅನ್ನುವುದನ್ನೇ ಆ ಸೊನ್ನೆ ಹೇಳುವುದು.

ಎಷ್ಟು ಇರಬೇಕು? 60ರಿಂದ 64 ವಯಸ್ಸಿಗೆ ಗಂಡಸರು 14, ಹೆಂಗಸರು 12. 65ರಿಂದ 69ಕ್ಕೆ 12 ಮತ್ತು 11. 70ರಿಂದ 74ಕ್ಕೆ 12 ಮತ್ತು 10. 75ರಿಂದ 79ಕ್ಕೆ 11 ಮತ್ತು 10. 80ರಿಂದ 84ಕ್ಕೆ 10 ಮತ್ತು 9. 85ರಿಂದ 89ಕ್ಕೆ ಇಬ್ಬರಿಗೂ 8. ಇದಕ್ಕಿಂತ ಕಡಿಮೆ ಬಂದರೆ ಅಪಾಯದ ಕಡೆ ಅಂತ. ಈ ಅಂಕಿಗಳು ಅಮೆರಿಕದ ಹಿರಿಯರನ್ನು ಅಳೆದು ಬಂದವು. ಗದ್ದೆ ನೆಟ್ಟು, ನೆಲದ ಮೇಲೆ ಕೂತು ಉಂಡು ಬೆಳೆದ ನಮ್ಮವರಿಗೆ ಅಕ್ಷರಶಃ ಹೊಂದಬೇಕಿಲ್ಲ. ಒಂದು ಸಂಖ್ಯೆ ಆಚೀಚೆ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹೋದ ಸಲ 11 ಇದ್ದದ್ದು ಈ ಸಲ 7 ಆದರೆ ಕೆಡಿಸಿಕೊಳ್ಳುತ್ತೇನೆ.

ಮಂಡಿ ನೋವಿರುವವರು ಮಧ್ಯದಲ್ಲಿ ನಿಲ್ಲಿಸಿದರೆ "ನೋವಿನಿಂದ ನಿಂತಿತು" ಅಂತ ಬರೆಯಿರಿ. ಶಕ್ತಿ ಸಾಲದೆ ನಿಂತದ್ದು ಬೇರೆ, ನೋವಾಗಿ ನಿಂತದ್ದು ಬೇರೆ.

ಹಂತ 7: ಫಲಿತಾಂಶ ಇಟ್ಟುಕೊಂಡು ಏನು ಮಾಡುವುದು

ನಾಲ್ಕರಲ್ಲಿ ಒಂದು ಕೆಟ್ಟರೂ ಸುಮ್ಮನೆ ಕೂರಬೇಡಿ. ಬಿಪಿ ಇಳಿದಿದ್ದರೆ ಡಾಕ್ಟರು, ಮಾತ್ರೆಗಳ ಪಟ್ಟಿ. ನಡಿಗೆ, ನಿಲ್ಲುವುದು ಕೆಟ್ಟಿದ್ದರೆ ಕಣ್ಣು ಮತ್ತು ಪಾದ ಎರಡನ್ನೂ ತೋರಿಸಿ. ಪೊರೆ ಬಂದ ಕಣ್ಣಿಗೆ ಮೆಟ್ಟಿಲಿನ ಅಂಚು ಕಾಣುವುದಿಲ್ಲ. ಎರಡು ಭಾಗದ ಕನ್ನಡಕ ಹಾಕಿ ಮೆಟ್ಟಿಲು ಇಳಿಯುವಾಗ ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಸುಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಪಾದ ಜೋಮು ಹಿಡಿದಿರಬಹುದು, ನೆಲ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.

ಕುರ್ಚಿಯಿಂದ ಏಳುವುದು ಕೆಟ್ಟಿದ್ದರೆ ಸಮಾಧಾನದ ಸುದ್ದಿ, ಅದು ಅಭ್ಯಾಸದಿಂದ ಸುಧಾರಿಸುತ್ತದೆ. ಕುರ್ಚಿಯ ಮೇಲೆ ಗಟ್ಟಿ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿ, ಅಲ್ಲಿಂದ 8-10 ಸಲ ಎದ್ದು ಕೂರಲಿ. ವಾರಗಳು ಕಳೆದಂತೆ ಒಂದೊಂದೇ ಮಡಿಕೆ ತೆಗೆಯಿರಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕಟ್ಟೆಯ ಉದ್ದಕ್ಕೂ ಒಂದೇ ಗೆರೆಯಲ್ಲಿ ನಡೆಯುವುದು. ವಾರಕ್ಕೆ ಮೂರು ದಿನವಾದರೂ ಬೇಕು. ಶುರುವಿನಲ್ಲಿ ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ ಕಲಿಯಿರಿ.

ಮನೆಯ ಕೆಲಸ ಆಮೇಲಲ್ಲ, ಇದೇ ವಾರ ಆಗಬೇಕು. ಬಚ್ಚಲಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಹಿಡಿ ಬೇಕು, ಟವೆಲ್ ಕಂಬಿ ಮೈ ಭಾರ ತಡೆಯುವುದಿಲ್ಲ. ಬಾಗಿಲಲ್ಲಿ ಹಾಸಿದ ಗೋಣಿತಾಟು ತೆಗೆಯಿರಿ. ರಾತ್ರಿ ಮಂಚದಿಂದ ಬಚ್ಚಲವರೆಗೆ ಬೆಳಕು ಬೇಕು, ಕರೆಂಟು ಹೋದರೂ ಉರಿಯುವ ಚಾರ್ಜಿನ ದೀಪ ಒಳ್ಳೆಯದು. ಮಲೆನಾಡಿನ ಅಂಗಳದ ಕತೆ ಗೊತ್ತೇ ಇದೆ. ಜೂನ್‌ನಲ್ಲಿ ಮಳೆ ಹಿಡಿದರೆ ಕಲ್ಲು ಚಪ್ಪಡಿಯ ಮೇಲೆ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆಯಿರಿ, ಕೊಟ್ಟಿಗೆವರೆಗೆ ಹಿಡಿದು ನಡೆಯಲು ಒಂದು ಬಿದಿರ ಗಳ ಕಟ್ಟಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು

ಪರೀಕ್ಷೆಯ ನಡುವೆ ಎದೆ ಹಿಡಿದುಕೊಂಡರೆ, ಮಾತು ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ 108ಕ್ಕೆ ಕರೆ ಮಾಡಿ. ಬಿದ್ದೇ ಬಿಟ್ಟರೆ ಇಬ್ಬರು ಸೇರಿ ರಟ್ಟೆ ಹಿಡಿದು ಎಬ್ಬಿಸಬೇಡಿ. ಮೊದಲು ಮಾತಾಡಿಸಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಅಲ್ಲಾಡಿಸದೆ ಅಲ್ಲೇ ಬೆಚ್ಚಗೆ ಹೊದಿಸಿ ಆಂಬುಲೆನ್ಸಿಗೆ ಕಾಯಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಚೆನ್ನಾಗಿದ್ದೀನಿ ಅಂದರೂ ಕರೆದುಕೊಂಡು ಹೋಗಿ. ಇನ್ನೊಂದು, ಕೆಲವೇ ವಾರದಲ್ಲಿ ಎರಡು ಸಲ ಬಿದ್ದರೆ ಪರೀಕ್ಷೆ ಗಿರೀಕ್ಷೆ ಬೇಡ, ನೇರ ಡಾಕ್ಟರು.

ಹಂತ 8: ಬರೆದಿಡುವುದು, ಮತ್ತೆ ಅಳೆಯುವುದು

ಮೂರು ತಿಂಗಳಿಗೊಮ್ಮೆ ಸಾಕು. ನಮ್ಮ ಕಡೆಗೆ ನಾನು ಹೇಳುವುದು ಮೇ ಕೊನೆಗೆ ಒಂದು, ಮಳೆ ಮುಗಿದು ಅಕ್ಟೋಬರಿಗೆ ಒಂದು ತಪ್ಪಿಸಬೇಡಿ ಅಂತ. ಮಳೆಗಾಲ ಪೂರ್ತಿ ಒಳಗೇ ಕೂತ ಕಾಲು ಹೇಗಾಗಿದೆ ಅಂತ ಆಗ ತಿಳಿಯುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ, ಹೊಸ ಮಾತ್ರೆ ಶುರುವಾದ ಮೇಲೆ ಬೇರೆಯಾಗಿ ಇನ್ನೊಮ್ಮೆ.

ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಸಂಖ್ಯೆ, ನೋಡಿದ್ದು, ಪಕ್ಕದಲ್ಲಿ ಯಾರಿದ್ದರು, ಇಷ್ಟು ಬರೆಯಿರಿ. ಯಾವ ಕುರ್ಚಿ ಅನ್ನುವುದನ್ನೂ ಬರೆಯಿರಿ. ಮುಂದಿನ ಸಲ ಮಗಳ ಮನೆಯಲ್ಲಿ ಅಳೆದರೆ ಆ ಕುರ್ಚಿಯ ಎತ್ತರ ಬೇರೆ ಇರುತ್ತದೆ. ನಾನಂತೂ ಒಂದು ಮನೆಯ ಕುರ್ಚಿಯ ಅಡಿಗೆ ಸೀಮೆಸುಣ್ಣದಲ್ಲಿ "ಅಜ್ಜಯ್ಯನ ಪರೀಕ್ಷೆ" ಅಂತ ಬರೆದು ಬಂದಿದ್ದೇನೆ. ಅವರು ಅದರ ಮೇಲೆ ಕೂತೇ ಪೇಪರ್ ಓದುತ್ತಾರೆ.